ಉಡದ ಹಿಡಿತದ ಮನೆ

ಡಿಸೆಂಬರ್ 3, 2024

ಚಳಿ ಜೋರಾಗಿದೆ. ಬೆಳಿಗ್ಗೆ ಟೀ ಲೋಟ ಕೊಟ್ಟಾಗ ಇವರು ಲೋಟದ ಜೊತೆಗೆ ನನ್ನ ಬೆರಳುಗಳನ್ನೂ ಹಿಡಿದುಕೊಂಡರು. ಬಿಡಲಿಲ್ಲ. ಅತ್ತೆ ಅಲ್ಲೇ ಒಲೆಯ ಮುಂದೆ ಕೂತಿದ್ದರು. ನನ್ನ ಮುಖ ಬಿಸಿಯಾಯಿತು. ‘ಅತ್ತೆ ನೋಡ್ತಾರೆ’ ಅಂದೆ. ಬಾಯಿ ಬಿಟ್ಟು ಅಂದೆನೋ, ಮನಸ್ಸಿನಲ್ಲೇ ಅಂದೆನೋ ಗೊತ್ತಿಲ್ಲ. ಇವರು ನೆಲ ನೋಡಿಕೊಂಡು ನಕ್ಕರು. ಆಮೇಲೆ ಒಂದೊಂದೇ ಬೆರಳು ನಿಧಾನವಾಗಿ ಬಿಟ್ಟರು.

ನಮ್ಮ ಮದುವೆಯಲ್ಲೂ ಹೀಗೇ ಆಗಿತ್ತು. ಕಳೆದ ಮಾಘದಲ್ಲಿ, ಇನ್ನೂ ಬೆಳಕು ಹರಿಯುವ ಮುಂಚೆಯೇ ಮುಹೂರ್ತ. ಧಾರೆ ಎರೆದು ನನ್ನ ಕೈಯನ್ನು ಇವರ ಕೈಗೆ ಕೊಟ್ಟರು. ಅಕ್ಷತೆ ಬಿತ್ತು. ಇನ್ನು ಕೈ ಬಿಟ್ಟು ತಾಳಿ ತೆಗೆದುಕೊಳ್ಳಬೇಕು. ಇವರು ಬಿಡಲೇ ಇಲ್ಲ. ಹಟ್ಟಿಯ ಹಿರಿಯ ಕಾಡಸಿದ್ದಪ್ಪಜ್ಜ, ‘ಬುಡ್ಲಾ ಮೂರ್ತಿ, ಯಾರೂ ಹೊತ್ಕಂಡು ಹೋಗಲ್ಲ ಕಣ್ಲಾ’ ಅಂದಿದ್ದಕ್ಕೆ ಚಪ್ಪರವೆಲ್ಲ ನಕ್ಕಿತು. ಹೆಂಗಸರು ಇವತ್ತಿಗೂ ಅದನ್ನೇ ಹೇಳಿ ನನ್ನನ್ನು ರೇಗಿಸುತ್ತಾರೆ. ರೇಗಿಸಲಿ. ಐದನೇ ಕ್ಲಾಸಿಗೆ ಶಾಲೆ ಬಿಟ್ಟು ಕುರಿ ಹಿಂದೆ ಹೋದವಳು ನಾನು. ನಾಲ್ಕು ಜನರ ಮುಂದೆ ತಲೆ ಎತ್ತಿದವಳಲ್ಲ. ಅಂಥವಳ ಕೈಯನ್ನು ಒಬ್ಬರು ಅಷ್ಟು ಜನರೆದುರು ಬಿಡಲೊಲ್ಲೆ ಅಂತ ಹಿಡಿದುಕೊಂಡರು. ಕುರಿ ಕಾಯುತ್ತಾ ಒಬ್ಬಳೇ ಕೂತಾಗ ಅದನ್ನು ನೆನೆಸಿಕೊಳ್ಳುತ್ತೇನೆ.

ಹಟ್ಟಿಯಲ್ಲಿ ಈ ಮನೆಗೆ ‘ಉಡದ ಹಿಡಿತದೋರು’ ಅಂತ ಹೆಸರು. ಇವರ ಮುತ್ತಾತ ಕುರಿ ರೊಪ್ಪಕ್ಕೆ ನುಗ್ಗಿದ ತೋಳದ ಹಿಂಗಾಲು ಹಿಡಿದರಂತೆ. ತೋಳ ಹೊಲದುದ್ದಕ್ಕೂ ಎಳೆದುಕೊಂಡು ಹೋದರೂ ಬಿಡಲಿಲ್ಲವಂತೆ. ಮಾವ ಯತ್ತಪ್ಪನವರ ಕೈಯೂ ಹಾಗೇ ಇತ್ತಂತೆ. ಅವರನ್ನು ನಾನು ನೋಡಿಲ್ಲ. ಅತ್ತೆ ಇದನ್ನು ಹೇಳುವಾಗ ಬೆನ್ನು ನೆಟ್ಟಗೆ ಮಾಡಿಕೊಂಡು ಕೂರುತ್ತಾರೆ.

ಡಿಸೆಂಬರ್ 9

ಕೊಳಾಲದ ಕಡೆ ಸಿದ್ದಗಂಗಯ್ಯ ಎನ್ನುವವರ ಕುರಿಗಳ ಉಣ್ಣೆ ಕತ್ತರಿಸಲು ಹೋಗಿದ್ದೆವು. ಕುರಿಯ ಕಾಲು ಹಿಡಿಯುವುದು, ಬಿದ್ದ ಉಣ್ಣೆ ಬಳಿಯುವುದು ನನ್ನ ಕೆಲಸ.

ಬೆಳಗಿನ ಮೊದಲ ಕುರಿ ಯಾವಾಗಲೂ ಇವರಿಗೆ ಕಷ್ಟ. ಕತ್ತರಿ ಮುಚ್ಚುತ್ತದೆ, ಬಿಚ್ಚಿಕೊಳ್ಳುವುದಿಲ್ಲ. ಕತ್ತರಿಸುತ್ತಾ ಕತ್ತರಿಸುತ್ತಾ ಕೈ ಸಲೀಸಾಗುತ್ತದೆ. ಇವತ್ತು ಮಂಜು ಬೇರೆ ಬಿದ್ದಿತ್ತು. ಕತ್ತರಿ ಮುಚ್ಚಿದ ಕೈ ಮುಚ್ಚಿದ ಹಾಗೇ ನಿಂತುಬಿಟ್ಟಿತು. ಅಷ್ಟರಲ್ಲಿ ಕುರಿ ಕೊಸರಿಕೊಂಡಿತು. ಕತ್ತರಿಯ ಬಾಯಲ್ಲಿದ್ದ ಚರ್ಮ ಹರಿದು ರಕ್ತ ಬಂತು.

ಸಿದ್ದಗಂಗಯ್ಯನವರು ಓಡಿ ಬಂದರು. ‘ಬೆಳ್ ಬೆಳಗ್ಗೇನೇ ಏರಿಸ್ಕಂಡ್ ಬಂದಿದ್ದೀಯೇನ್ಲಾ? ಕತ್ತರಿ ಬುಡೋಕೂ ನೆಟ್ಟಗಿಲ್ವಲ್ಲೋ!’

ಇವರು ಕುಡಿಯುವುದಿಲ್ಲ. ಹಬ್ಬಕ್ಕೂ ಕುಡಿಯುವುದಿಲ್ಲ. ನಾನು ಅದನ್ನು ಹೇಳಬೇಕಿತ್ತು. ಹೇಳದೆ, ಬಗ್ಗಿ ಬಿದ್ದ ಉಣ್ಣೆ ಬಳಿಯತೊಡಗಿದೆ. ಇವರು ಕತ್ತರಿ ಪಕ್ಕಕ್ಕಿಟ್ಟರು. ಕುರಿಯ ಗಾಯಕ್ಕೆ ಅರಿಶಿನ ಮೆತ್ತಿದರು. ಆಮೇಲೆ ಉಳಿದ ಕುರಿಗಳನ್ನೆಲ್ಲ ಒಂದು ಗೀರೂ ಆಗದ ಹಾಗೆ ಕತ್ತರಿಸಿದರು.

ದಾರಿಯಲ್ಲಿ, ‘ಕಣ್ಣೂ ಸ್ವಲ್ಪ ಮಂಜು ಮಂಜು ಕಣೇ’ ಅಂದರು. ಇಪ್ಪತ್ತೆಂಟು ವರ್ಷದವರಿಗೆ ಕಣ್ಣು ಮಂಜು. ಭಾನುವಾರ ಮಧುಗಿರಿಯಲ್ಲಿ ಕಣ್ಣು ತೋರಿಸುವ ಶಿಬಿರ ಇದೆಯಂತೆ. ಹೋಗೋಣ ಅಂದೆ.

ಡಿಸೆಂಬರ್ 15, ಭಾನುವಾರ

ಬೆಟ್ಟದ ಕೆಳಗಿನ ಶಾಲೆಯಲ್ಲಿ ಶಿಬಿರ. ಎಲ್ಲಾ ಮುದುಕರೇ. ‘ಯಾರ್ನ ಕರ್ಕಂಡ್ ಬಂದಿದ್ದೀಯಪ್ಪ, ನಿಮ್ಮಜ್ಜೀನಾ?’ ಅಂತ ಒಬ್ಬ ಅಜ್ಜ ಕೇಳಿದರು. ಇವರು ನನ್ನ ಕಡೆ ನೋಡಿದರು. ಅಜ್ಜನಿಗೆ ನಗು ತಡೆಯಲಾಗಲಿಲ್ಲ, ನನಗೂ.

ಕಣ್ಣಿನ ಡಾಕ್ಟರಮ್ಮ ಟಾರ್ಚು ಬಿಟ್ಟು ನೋಡಿದರು. ಮತ್ತೆ ನೋಡಿದರು. ಎರಡು ಕಣ್ಣಿನಲ್ಲೂ ಪೊರೆ ಶುರುವಾಗಿದೆ ಅಂದರು. ‘ನಿಮ್ಮ ತಂದೆಗೂ ಬೇಗ ಪೊರೆ ಬಂದಿತ್ತಾ? ತಲೆಯ ಮುಂಭಾಗದ ಕೂದಲು ಉದುರಿತ್ತಾ?’ ಹೌದು ಅಂದರು ಇವರು. ಡಾಕ್ಟರಮ್ಮ ತಮ್ಮ ಎರಡು ಬೆರಳು ಚಾಚಿದರು. ‘ಗಟ್ಟಿಯಾಗಿ ಹಿಡೀರಿ. ಹಾಂ. ಈಗ ಪಟ್ಟನೆ ಬಿಡಿ.’

ಇವರು ಬಿಡಲಿಲ್ಲ.

ಬಿಡಲಾಗಲಿಲ್ಲ. ಇವರ ಹಣೆಯಲ್ಲಿ ಬೆವರು ಬಂತು. ಬೆರಳುಗಳು ಒಂದೊಂದೇ, ನಿಧಾನವಾಗಿ ಬಿಚ್ಚಿಕೊಂಡವು. ನನಗೆ ಟೀ ಲೋಟ ಕೊಟ್ಟಾಗ ಬಿಚ್ಚಿಕೊಳ್ಳುವ ಹಾಗೇ.

‘ಇದು ಸ್ನಾಯುವಿನ ಕಾಯಿಲೆ ಇರಬಹುದು. ಹಿಡಿದದ್ದನ್ನು ಬಿಡೋಕೆ ಬರಲ್ಲ. ವಂಶದಲ್ಲಿ ಬರುತ್ತೆ’ ಅಂದರು ಡಾಕ್ಟರಮ್ಮ. ಬೆಂಗಳೂರಿಗೆ ಚೀಟಿ ಬರೆದುಕೊಟ್ಟರು.

ಡಿಸೆಂಬರ್ 16

ಹಾಗಾದರೆ ಮದುವೆಯ ದಿನದ್ದೂ ಕಾಯಿಲೆಯೇ.

ಡಿಸೆಂಬರ್ 22, ಭಾನುವಾರ

ಶಿಬಿರಕ್ಕೆ ಬಂದಿದ್ದ ಯಾರೋ ನನ್ನ ತವರಿಗೆ ಸುದ್ದಿ ಮುಟ್ಟಿಸಿದ್ದಾರೆ. ಪಾವಗಡದಿಂದ ಅವ್ವ ಮತ್ತು ಅಣ್ಣ ಭೀಮರಾಜ ಬೆಳಿಗ್ಗೆಯೇ ಬಂದರು. ನಮ್ಮವ್ವನಿಗೆ ಸಿಟ್ಟು ಬಂದರೆ ತೆಲುಗು ಬರುತ್ತದೆ.

‘ಏಮಮ್ಮಾ ಈರಕ್ಕ, ಮುಂಚೇನೇ ತಿಳ್ದಿತ್ತಾ ನಿಮ್ಗೆ? ತಿಳ್ದೂ ತಿಳ್ದೂ ನಮ್ ಪಾಪನ್ನ ತಂದ್ಕಂಡ್ರಾ?’

ಅತ್ತೆ ಮೊರ ಕೆಳಗಿಟ್ಟರು. ‘ಏನ್ ತಿಳಿಯೋದು? ಅದು ಕಾಯಿಲೆ ಅಲ್ಲ ಕಣಮ್ಮ, ನಮ್ ವಂಸದ್ ಹಿಡಿತ. ತೋಳ ಹಿಡ್ದೋರು ನಾವು.’

‘ತೋಳ ಹಿಡ್ದಿದ್ದು ಇರ್ಲಿ. ಕುರೀನ ಬುಡಕ್ಕೂ ಬರಲ್ವಂತಲ್ಲ!’

ಬೇರೆ ದಿನವಾಗಿದ್ದರೆ ನನಗೆ ನಗು ಬರುತ್ತಿತ್ತು. ಅಣ್ಣ ಇಬ್ಬರನ್ನೂ ಸುಮ್ಮನಿರಿಸಿದ. ‘ದೊಡ್ಡಾಸ್ಪತ್ರೆಯೋರು ಏನಂತಾರೋ ನೋಡನ. ನಿಜ ಅಂದ್ರೆ ಬಂದು ಕರ್ಕಂಡೋಗ್ತೀನಿ. ಹಿರೇರ್ನ ಕೂರಿಸಿ ಬುಡುಗಡೆ ಮಾಡ್ಸನ. ಇವ್ಳ್ ವಯಸ್ಸೇನ್ ಮುಗ್ದೋಯ್ತಾ?’

ಯಾರೂ ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ಹೋಗುತ್ತೇನೆ ಅನ್ನುತ್ತಿದ್ದೆನೋ ಏನೋ. ಮದುವೆಯಾದಾಗಿನಿಂದ ನಾನು ಬೆಳಿಗ್ಗೆ ಎದ್ದು ಓಡಿ ಓಡಿ ಟೀ ಕಾಯಿಸುತ್ತಿದ್ದದ್ದು ಆ ಲೋಟ ಕೊಡುವ ಗಳಿಗೆಗಾಗಿ. ಅದರಲ್ಲಿ ನನ್ನದು ಅಂತ ಏನೂ ಇರಲಿಲ್ಲ. ಕತ್ತರಿ ಹಿಡಿದರೂ ಅಷ್ಟೇ, ನನ್ನ ಕೈ ಹಿಡಿದರೂ ಅಷ್ಟೇ.

ಇವರು ರೊಪ್ಪದ ಬೇಲಿಯ ಹತ್ತಿರ ಮರಿಯೊಂದನ್ನು ಎತ್ತಿಕೊಂಡು ನಿಂತಿದ್ದರು. ಎಲ್ಲಾ ಕೇಳಿಸಿರಬೇಕು. ಅವ್ವ, ಅಣ್ಣ ಹೋದ ಮೇಲೂ ಮರಿಯನ್ನು ಕೆಳಗಿಳಿಸಲಿಲ್ಲ. ಅದೂ ಬಿಡಲು ಬಾರದೆಯೇ ಇರಬೇಕು ಅಂದುಕೊಂಡೆ. ಹಾಗೆ ಅಂದುಕೊಂಡಿದ್ದಕ್ಕೆ ನನಗೇ ಬೇಜಾರಾಯಿತು.

ಜನವರಿ 6, 2025

ಬೆಂಗಳೂರಿಗೆ ಹೋಗಿ ಬಂದೆವು. ಬಸ್ಸಿನಲ್ಲಿ ಇವರು ನನ್ನ ಹೆಗಲ ಮೇಲೆ ತಲೆಯಿಟ್ಟು ದಾಬಸ್‌ಪೇಟೆಯವರೆಗೂ ನಿದ್ದೆ ಮಾಡಿದರು. ಅತ್ತೆ ಸೋಮಾರಿತನ ಅಂತ ಬೈಯುವ ನಿದ್ದೆ. ಅದೂ ಕಾಯಿಲೆಯ ಜೊತೆಗೇ ಬರುವುದು ಅಂತ ಆಮೇಲೆ ಗೊತ್ತಾಯಿತು. ಅಲ್ಲಾಡದೆ ಕೂತಿದ್ದು ನನ್ನ ಹೆಗಲು ಇನ್ನೂ ನೋಯುತ್ತಿದೆ.

ಡಾಕ್ಟರ ಹೆಸರು ರಾಧಾಮಣಿ. ನಮ್ಮ ಚೀಟಿ ನೋಡಿ, ‘ಮಧುಗಿರಿಯವರಾ? ನಾನು ಪಕ್ಕದ ತೋವಿನಕೆರೆಯವಳು’ ಅಂದರು. ಅಷ್ಟಕ್ಕೇ ಎದೆ ಹಗುರವಾಯಿತು. ಅವರು ಕೇಳಿದ್ದಕ್ಕೆ ಇವರು ಬರೀ ಹೂಂ, ಊಹೂಂ ಅನ್ನುತ್ತಿದ್ದರು. ಚಳಿಯಲ್ಲಿ ಹೆಚ್ಚು, ಬೆಳಗಿನ ಮೊದಲ ಕುರಿಗೆ ಹೆಚ್ಚು, ಊಟವಾದ ಮೇಲೆ ತೂಕಡಿಸುತ್ತಾರೆ, ಮೆಟ್ಟಿಲು ಹತ್ತುವಾಗ ಎಡವುತ್ತಾರೆ ಅಂತ ಉಳಿದದ್ದನ್ನು ನಾನು ಹೇಳಿದೆ. ಯಾರಾದರೂ ಹೇಳಬೇಕಲ್ಲ.

ಮುಷ್ಟಿ ಹಿಡಿದು ಬಿಡಿ ಅಂದರು. ಮೊದಲ ಸಲ ಬೆರಳು ಬಿಚ್ಚಲು ತುಂಬ ಹೊತ್ತಾಯಿತು. ‘ಮತ್ತೆ ಮಾಡಿ. ಮಾಡ್ತಾನೇ ಇರಿ.’ ಇವರು ಹಿಡಿದರು, ಬಿಟ್ಟರು, ಹಿಡಿದರು, ಬಿಟ್ಟರು. ಪ್ರತಿ ಸಲವೂ ಸ್ವಲ್ಪ ಬೇಗ. ಕೊನೆಗೆ ನನ್ನ ಕೈ ಬಿಚ್ಚುವಷ್ಟೇ ಸಲೀಸು.

‘ನೋಡಿದ್ರಾ? ಮಾಡ್ತಾ ಮಾಡ್ತಾ ಸಡಿಲ ಆಗುತ್ತೆ. ಕೈ ಬೆಚ್ಚಗಿದ್ರೆ ಇನ್ನೂ ಸಲೀಸು. ಈಗ ನಿಮ್ಮ ಹೆಂಡತಿಯ ಕೈ ಹಿಡಿದು ಬಿಡಿ, ನೋಡೋಣ.’

ಇವರು ನನ್ನ ಕೈ ಹಿಡಿದರು. ಪಟ್ಟನೆ ಬಿಟ್ಟರು.

ಅಷ್ಟು ಬೇಗ ನನ್ನ ಕೈಯನ್ನು ಇವರು ಯಾವತ್ತೂ ಬಿಟ್ಟಿರಲಿಲ್ಲ. ಡಾಕ್ಟರು ‘ವೆರಿ ಗುಡ್’ ಅಂದರು. ನನಗೆ ಯಾಕೋ ಅಳು ಬಂತು. ಸೆರಗಿನಿಂದ ಮೂಗು ಒರೆಸಿಕೊಂಡೆ. ಎಲ್ಲರೂ ನೆಗಡಿ ಅಂದುಕೊಂಡರು.

ಎದೆಗೆ ವೈರು ಅಂಟಿಸಿ ಹೃದಯದ ಪರೀಕ್ಷೆ ಮಾಡಿದರು. ಅದು ಸರಿಯಾಗಿದೆ. ರಕ್ತ ತೆಗೆದುಕೊಂಡರು. ಜೀನ್ ಪರೀಕ್ಷೆಯಂತೆ. ಮುಂದಿನ ತಿಂಗಳು ಬರಬೇಕು.

ಜನವರಿ 14

ಸಂಕ್ರಾಂತಿ. ಕುರಿಗಳ ಮೈ ತೊಳೆದು ಕೊಂಬಿಗೆ ಬಣ್ಣ ಹಚ್ಚಿದೆವು.

ಬೆಂಗಳೂರಿನಿಂದ ಬಂದಾಗಿನಿಂದ ಇವರು ಲೋಟವನ್ನು ನನ್ನ ಕೈಯಿಂದ ತೆಗೆದುಕೊಳ್ಳುತ್ತಿಲ್ಲ. ‘ಕೆಳ್ಗಿಡು, ತಗತೀನಿ’ ಅನ್ನುತ್ತಾರೆ. ಕೈಯನ್ನು ಕಂಬಳಿಯೊಳಗೇ ಇಟ್ಟುಕೊಂಡಿರುತ್ತಾರೆ. ಎಳ್ಳು ಬೆಲ್ಲ ಕೊಡುವಾಗಲೂ ತಟ್ಟೆಯಲ್ಲಿಟ್ಟು ನನ್ನ ಕಡೆ ತಳ್ಳಿದರು.

ನಾನು ಹೋಗುವವಳು ಅಂತ ಈಗಲೇ ದೂರ ಮಾಡುತ್ತಿದ್ದಾರೆ. ಮಾಡಲಿ. ನನಗೂ ಸುಲಭವಾಯಿತು.

ಟೀ ಲೋಟ ಕೆಳಗಿಟ್ಟರೆ ಬೇಗ ಆರಿಹೋಗುತ್ತದೆ. ಅದಕ್ಕೆ ಒಂದು ಬಟ್ಟೆ ಸುತ್ತಿ ಇಡುತ್ತೇನೆ.

ಫೆಬ್ರವರಿ 10

ಮರೆತುಹೋಗುವ ಮುಂಚೆ ಎಲ್ಲಾ ಬರೆದಿಡಬೇಕು. ಅತ್ತೆಗೆ ಹೇಳಬೇಕು, ಅಣ್ಣನಿಗೆ ಹೇಳಬೇಕು.

ಕಾಯಿಲೆ ನಿಜ.

ಇವತ್ತು ಮತ್ತೆ ಬೆಂಗಳೂರಿಗೆ ಹೋದಾಗ ರಾಧಾಮಣಿ ಡಾಕ್ಟರು ಅದನ್ನು ಮೊದಲೇ ಹೇಳಿಬಿಟ್ಟರು. ಆಮೇಲೆ ‘ಏನಾಗಿದೆ ಅಂತ ಹೇಳ್ಲಾ?’ ಅಂತ ಕೇಳಿದರು. ಇವರು ನೆಲ ನೋಡುತ್ತಿದ್ದರು. ಹೇಳಿ ಅಂದೆ.

ಅವರು ಇವರ ಹೆಗಲ ಮೇಲಿದ್ದ ಕಂಬಳಿಯನ್ನು ಮುಟ್ಟಿದರು. ‘ಇದನ್ನ ನೇಯೋ ಮುಂಚೆ ಉಣ್ಣೆಗೆ ಏನೇನು ಮಾಡ್ತೀರಿ?’

‘ಕತ್ತರಿಸ್ತೀವಿ. ಕಸ, ಮುಳ್ಳು ಆರಿಸ್ತೀವಿ. ಹಿಂಜ್ತೀವಿ. ಆಮೇಲೆ ನೂಲ್ತೀವಿ’ ಅಂದೆ.

‘ನಮ್ಮ ಮೈಯೊಳಗೂ ಅಂಥದ್ದೇ ಕೆಲಸ ಇದೆ. ಯಾವ್ಯಾವ ಅಂಗ ಹೇಗೆ ಕೆಲಸ ಮಾಡಬೇಕು ಅನ್ನೋದು ಜೀನ್‌ನಲ್ಲಿ ಬರೆದಿರುತ್ತೆ. ಜೀನ್ ತನ್ನ ಜಾಗ ಬಿಟ್ಟು ಆಚೆ ಬರಲ್ಲ. ಅದರದ್ದೊಂದು ನಕಲು ಆಗುತ್ತೆ. ಆ ನಕಲಿಗೆ ಆರ್‌ಎನ್‌ಎ ಅಂತೀವಿ. ಆದರೆ ನಕಲು ಹಾಗೇ ಬಳಸೋಕೆ ಬರಲ್ಲ. ನಿಮ್ಮ ಉಣ್ಣೆ ಥರ. ಬೇಡದ ತುಂಡು ಆರಿಸಿ ತೆಗೀಬೇಕು, ಬೇಕಾದ್ದನ್ನ ಜೋಡಿಸಬೇಕು. ಯಾವ ತುಂಡು ಇರಲಿ, ಯಾವುದು ಹೋಗಲಿ ಅಂತ ನೋಡ್ಕೊಳ್ಳೋಕೆ ಕೆಲವು ಪ್ರೋಟೀನ್‌ಗಳಿವೆ. ಅವು ಬಂದು ಆರ್‌ಎನ್‌ಎಯನ್ನ ಹಿಡ್ಕೊಳ್ತವೆ. ಸರಿಯಾದ ಜಾಗದಲ್ಲಿ ಹಿಡೀಬೇಕು. ಕೆಲಸ ಆದ ಮೇಲೆ ಬಿಡಬೇಕು. ಬಿಟ್ಟು ಇನ್ನೊಂದರ ಹತ್ತಿರ ಹೋಗಬೇಕು. ಅದೇ ಜೀನಿನ ನಕಲನ್ನ ಎಳೇ ಮಗುವಿನಲ್ಲಿ ಒಂದು ಥರ ಜೋಡಿಸಿದ್ರೆ, ದೊಡ್ಡವರಾದ ಮೇಲೆ ಇನ್ನೊಂದು ಥರ ಜೋಡಿಸೋದು ಇವುಗಳಿಂದಲೇ.’

ಇಷ್ಟು ತಿಳಿಯಿತು ಅಂದೆ.

‘ಇವರ ಒಂದು ಜೀನಿನಲ್ಲಿ ಮೂರು ಅಕ್ಷರಗಳು ಮತ್ತೆ ಮತ್ತೆ ಬರೆದುಹೋಗಿವೆ. ಎಲ್ಲರಲ್ಲೂ ಸ್ವಲ್ಪ ಇರುತ್ತೆ, ಇವರಲ್ಲಿ ಬಹಳ. ಹಾಗಾಗಿ ಅದರ ನಕಲಿಗೆ ಒಂದು ಉದ್ದನೆ ಬಾಲ ಬಂದಿದೆ. ಅದು ಮಡಚಿಕೊಂಡು ಕೊಕ್ಕೆ ಕೊಕ್ಕೆ ಆಗಿ ಕೂತಿದೆ. ಆರಿಸೋ ಪ್ರೋಟೀನ್‌ಗಳಿಗೆ ಅಂಥ ಅಕ್ಷರ ಕಂಡ್ರೆ ಹಿಡಿಯೋದೇ ಸ್ವಭಾವ. ಎಲ್ಲಾ ಹೋಗಿ ಆ ಬಾಲಕ್ಕೆ ಸಿಕ್ಕಿಕೊಂಡಿವೆ.’

‘ಜಾಲಿ ಬೇಲಿಗೆ ಉಣ್ಣೆ ಸಿಕ್ಕಾಕ್ಕಂಡಂಗೆ’ ಅಂದುಬಿಟ್ಟೆ.

‘ಹಾಂ, ಹಾಗೇ. ಅಲ್ಲಿ ಸಿಕ್ಕಿಕೊಂಡ ಮೇಲೆ ಬೇರೆ ನಕಲುಗಳನ್ನ ನೋಡೋರು ಯಾರು? ಸ್ನಾಯುವಿಗೆ ‘ಸಾಕು, ಈಗ ಸಡಿಲಾಗು’ ಅಂತ ಹೇಳೋಕೆ ಒಂದು ಸಣ್ಣ ಬಾಗಿಲಿದೆ. ಅದನ್ನ ಮಾಡೋ ನಕಲು ಸರಿಯಾಗಿ ಜೋಡಣೆ ಆಗದೆ, ಎಳೇ ಮಗುವಿನ ಥರದಲ್ಲೇ ಉಳಿದುಬಿಡುತ್ತೆ. ಬಾಗಿಲು ಬೇಕಾದಷ್ಟು ಇರಲ್ಲ. ಅದಕ್ಕೇ ಹಿಡಿದ ಕೈ ಬಿಡೋಕೆ ಹೊತ್ತಾಗೋದು. ಕಣ್ಣಿನ ಪೊರೆ, ನಿದ್ದೆ, ಇವೂ ಇದೇ ಕಾಯಿಲೆಯ ಜೊತೆಗೆ ಬರುವಂಥವು.’

‘ಮೇಡಂ, ಆ ಪ್ರೋಟೀನೇ ಕೆಟ್ಟೋಗೈತಾ?’ ಅಂತ ಕೇಳಿದೆ.

‘ಇಲ್ಲಮ್ಮ. ಅದು ಚೆನ್ನಾಗೇ ಇದೆ. ಸಿಕ್ಕಿಕೊಂಡಿದೆ, ಅಷ್ಟೆ.’

‘ಬುಡಿಸೋಕಾಗಲ್ವಾ?’

‘ಆ ಬಾಲವನ್ನ ಮುಚ್ಚೋಕೆ, ಕತ್ತರಿಸೋಕೆ ಔಷಧ ಹುಡುಕ್ತಾ ಇದ್ದಾರೆ. ಇನ್ನೂ ಪರೀಕ್ಷೆಯಲ್ಲಿದೆ. ನಾಳೆ ಬರುತ್ತೆ ಅಂತ ನಿಮಗೆ ಸುಳ್ಳು ಹೇಳಲ್ಲ. ಕೈ ಸ್ವಲ್ಪ ಸಡಿಲ ಆಗೋಕೆ ಮಾತ್ರೆ ಇದೆ. ಮುಂದೆ ಶಕ್ತಿ ಕಡಿಮೆ ಆಗಬಹುದು. ವರ್ಷಕ್ಕೊಂದು ಸಲ ಹೃದಯ ತೋರಿಸಬೇಕು. ಯಾವ ಆಪರೇಷನ್ ಆದ್ರೂ ಮುಂಚೇನೇ ಈ ಕಾಯಿಲೆ ಇದೆ ಅಂತ ಹೇಳಬೇಕು. ಮಕ್ಕಳಿಗೆ ಬರೋ ಸಾಧ್ಯತೆ ಅರ್ಧಕ್ಕರ್ಧ. ಬಂದ್ರೆ ಬಾಲ ಇನ್ನೂ ಉದ್ದ ಆಗಿ, ಕಾಯಿಲೆ ಜೋರಾಗಿರಬಹುದು. ಮಗು ಬೇಕು ಅನ್ನಿಸಿದಾಗ ಮೊದಲು ನನ್ನ ಹತ್ತಿರ ಬನ್ನಿ. ಬಸುರಿನ ಶುರುವಿನಲ್ಲೇ ನೋಡೋಕೆ ದಾರಿಗಳಿವೆ.’

ಡಾಕ್ಟರು ಇವರ ಕಡೆ ತಿರುಗಿ, ‘ಅಂಜಿನಮೂರ್ತಿ, ನೀವೇನಾದ್ರೂ ಕೇಳ್ತೀರಾ?’ ಅಂದರು.

ಇವರು ನನ್ನ ಕಡೆ ನೋಡಿದರು. ಆಮೇಲೆ ಒಂದೇ ಮಾತು ಕೇಳಿದರು. ‘ಇವ್ಳಿಗೆ ಅಂಟಲ್ವಲ್ಲ ಮೇಡಂ?’

‘ಅಯ್ಯೋ, ಇಲ್ಲಪ್ಪ. ಮುಟ್ಟಿದ್ರೆ ಅಂಟೋದಲ್ಲ ಇದು.’

ಇವರು ಕಂಬಳಿಯೊಳಗಿಂದ ಕೈ ಆಚೆ ತೆಗೆದರು. ಲೋಟ ಕೆಳಗಿಡು ಅನ್ನುತ್ತಿದ್ದದ್ದು ಇದಕ್ಕೆ. ನಾನು ಏನೇನೋ ಅಂದುಕೊಂಡಿದ್ದೆ.

ಮಧುಗಿರಿ ಬಸ್ ಸ್ಟ್ಯಾಂಡಿನಲ್ಲಿ ಸಿದ್ದಗಂಗಯ್ಯನವರು ಸಿಕ್ಕಿದ್ದರು. ಇವರು ಕುಡಿಯುವುದಿಲ್ಲ, ಅವತ್ತೂ ಕುಡಿದಿರಲಿಲ್ಲ, ಇದು ಬೇರೆ ಕಾಯಿಲೆ ಅಂತ ಹೇಳಿದೆ. ಅಷ್ಟರಲ್ಲಿ ನಮ್ಮ ಮಿಡಿಗೇಶಿ ಬಸ್ಸು ಬಂತು. ಸೀಟು ಸಿಕ್ಕಿತು.

ಫೆಬ್ರವರಿ 11

ಮಧ್ಯಾಹ್ನ ಅತ್ತೆ ಮತ್ತು ನಾನು ಅಂಗಳದಲ್ಲಿ ಉಣ್ಣೆ ಆರಿಸಲು ಕೂತೆವು. ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ಒಂದು ಜಾಲಿ ಕಡ್ಡಿಯನ್ನು ಉಣ್ಣೆಯೊಳಗೆ ತಿರುಗಿಸಿ ಎತ್ತಿ ತೋರಿಸಿದೆ. ಒಂದಿಷ್ಟು ಉಣ್ಣೆ ಅದಕ್ಕೇ ಸುತ್ತಿಕೊಂಡು ಬಂತು. ‘ಹಿಂಗೆ ಅತ್ತೆ. ಉಣ್ಣೆದೇನೂ ತಪ್ಪಿಲ್ಲ.’

ಅತ್ತೆ ಆ ಕಡ್ಡಿಯನ್ನು ಕೈಗೆ ತೆಗೆದುಕೊಂಡು ನೋಡುತ್ತಾ ಕೂತರು.

‘ಅಂಗಾರೆ ತೋಳ ಹಿಡ್ದಿದ್ದೂ ಇದೇಯಾ?’

‘ಹಿಡ್ದಿದ್ದು ತಾತನೇ ಅತ್ತೆ. ಬುಡ್ದೇ ಇದ್ದಿದ್ದು ಮಾತ್ರ ಇದಿರಬೋದು.’

ಅತ್ತೆ ನಕ್ಕರು. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು. ‘ನಿಮ್ ಮಾವುನ್ನ ಎಷ್ಟ್ ಬೈತಿದ್ದೆ ಗೊತ್ತೇನೇ. ಕೂತ್ರೆ ತೂಗಡಿಸ್ತೀಯ, ನಿಂತ್ರೆ ಎಡವ್ತೀಯ, ಸೋಂಬೇರಿ ಅಂತ. ಒಂದ್ ದಿನ ತಿರುಗ್ಸಿ ಮಾತಾಡ್ಲಿಲ್ಲ ಕಣವ್ವ ಆ ಮನ್ಸ.’

ನಾನು ಅವರ ಬೆನ್ನು ಸವರಿದೆ. ಸ್ವಲ್ಪ ಹೊತ್ತಾದ ಮೇಲೆ ಕಡ್ಡಿಯಿಂದ ಉಣ್ಣೆ ಬಿಡಿಸುತ್ತಾ ಅತ್ತೆ ಅಂದರು. ‘ಮೂರ್ತಿಗೆ ಒಳಗೊಳಗೇ ತಿಳ್ದಿತ್ತು ಅನ್ಸುತ್ತೆ. ನಿಮ್ ಮದ್ವೆ ದಿನ ಕೋಳಿ ಕೂಗೋಕೆ ಮುಂಚೇನೇ ಎದ್ದು ನೀರೊಲೆ ಮುಂದೆ ಕುಂತವ್ನೆ. ಕೈ ಕಾಸೋದು, ಮುಚ್ಚೋದು, ಬಿಚ್ಚೋದು. ಕಾಸೋದು, ಮುಚ್ಚೋದು, ಬಿಚ್ಚೋದು. ಏನ್ಲಾ ಇದು ನಿನ್ ಪೂಜೆ ಅಂದೆ. ಹಸೆ ಮೇಲೆ ಕೈ ಹಿಡ್ಕಂಬುಟ್ರೆ ಆ ಹುಡ್ಗಿ ಅಂಜ್ಕಂಡ್‌ಬುಡ್ತಾಳೆ ಕಣವ್ವ, ಮೊದ್ಲೇ ಅಂಜುಬುರುಕಿ ಅಂದ.’

ನನ್ನ ಕೈ ನಿಂತಿತು. ‘ಹಸೆಗೆ ಬರೋವರ್ಗೂ ಅಂಗೇ ಮಾಡ್ತಿದ್ರಾ?’

‘ಹೂಂ ಕಣೇ. ಹಸೆ ಮೇಲೆ ಕುಂತ್ಮೇಲೂ ಶಲ್ಯದೊಳ್ಗೆ ಅದೇ ಮಾಡ್ತಿದ್ದ. ನಾನ್ ನೋಡಿ ಗದರಿದೆ.’

ಹಾಗಾದರೆ ಅವತ್ತು ಇವರ ಕೈ ಸಡಿಲವಾಗಿತ್ತು. ಬೆಂಗಳೂರಿನಲ್ಲಿ ಡಾಕ್ಟರ ಮುಂದೆ ಬಿಟ್ಟ ಹಾಗೆ ಪಟ್ಟನೆ ಬಿಡಬಹುದಿತ್ತು.

ಯಾಕೆ ಬಿಡಲಿಲ್ಲ? ಕೇಳಬೇಕು. ಕೇಳಲು ನಾಚಿಕೆ.

ಫೆಬ್ರವರಿ 16, ಭಾನುವಾರ

ಅಣ್ಣ ಬಂದಿದ್ದ. ಆಟೋ ಬೇರೆ ತಂದಿದ್ದ, ನನ್ನ ಟ್ರಂಕು ಹಾಕಿಕೊಂಡು ಹೋಗಲು. ಇವರು ರೊಪ್ಪದ ಕಡೆ ಹೋಗುವುದರಲ್ಲಿದ್ದರು. ಇಲ್ಲೇ ಇರಿ ಅಂದೆ. ಅಣ್ಣನಿಗೆ ರಾಗಿ ರೊಟ್ಟಿ ಹಾಕಿಕೊಟ್ಟು, ತಿನ್ನುವವರೆಗೂ ಕಾದು, ನಾನು ಬರುವುದಿಲ್ಲ ಅಂದೆ.

‘ಕಾಯಿಲೆ ನಿಜ ಅಂದ್ರಂತಲ್ಲ?’

‘ನಿಜ ಅಣ್ಣ.’

‘ವಾಸಿ ಆಗಲ್ವಂತಲ್ಲ?’

‘ಈಗ ಆಗಲ್ಲ. ನಾನೂ ನೆಗಡಿ ಅಂದ್ಕಂಡಿಲ್ಲ ಇದನ್ನ. ಮುಂದೆ ಇವ್ರಿಗೆ ಕತ್ತರಿ ಹಿಡಿಯೋಕಾಗ್ದೆ ಹೋಗಬೋದು. ನೋಡಿ ನೋಡಿ ನಂಗೂ ಬರ್ತೈತಲ್ಲ, ನಾನ್ ಹಿಡಿತೀನಿ.’

‘ನಾಳೆ ಮಕ್ಳು?’

‘ಅದನ್ನ ನಾವಿಬ್ರೂ ಡಾಕ್ಟ್ರೂ ಕೂತ್ಕಂಡು ಮಾತಾಡ್ತೀವಿ. ನೀನು ಅವ್ವುಂಗೆ ಇಷ್ಟ್ ಹೇಳು. ಇವ್ರೊಳಗಿರೋದು ಕೆಟ್ಟಿಲ್ಲ. ಸಿಕ್ಕಾಕ್ಕಂಡೈತೆ.’ ಆರ್‌ಎನ್‌ಎ, ಬಾಲ, ಪ್ರೋಟೀನು, ಎಲ್ಲಾ ಹೇಳಿದೆ. ಜಾಲಿ ಕಡ್ಡಿಯನ್ನೂ ತೋರಿಸಿದೆ.

ಅಣ್ಣ ಕಡ್ಡಿಯನ್ನು ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದ. ‘ಲೇ, ಇಷ್ಟೊಂದ್ ಮಾತು ಎಲ್ಲಿತ್ತೇ ನಿನ್ನತ್ರ?’ ಅಂದ. ನಾನೇನೂ ಅಷ್ಟೊಂದು ಮಾತಾಡಿರಲಿಲ್ಲ. ಇದ್ದದ್ದನ್ನು ಹೇಳಿದೆ, ಅಷ್ಟೆ.

ಹೋಗುವಾಗ ಅಣ್ಣ ಇವರ ಹತ್ತಿರ ನಿಂತು, ‘ಭಾವ, ಬರ್ತೀನಿ’ ಅಂತ ಕೈ ಚಾಚಿದ. ಇವರು ಹಿಂದೆ ಮುಂದೆ ನೋಡಿದರು. ಆಮೇಲೆ ಕೈ ಕೊಟ್ಟರು. ಕೈ ಸಿಕ್ಕಿಕೊಂಡಿತು. ಅಣ್ಣ ಎಳೆದುಕೊಳ್ಳಲಿಲ್ಲ. ಬಿಡುವವರೆಗೂ ಮಳೆ, ಮೇವು, ಅವನ ಆಟೋ ಅಂತ ಏನೇನೋ ಮಾತಾಡುತ್ತಾ ನಿಂತಿದ್ದ. ನನ್ನ ಅಣ್ಣ ಒಳ್ಳೆಯವನು.

ಸಂಜೆ ಕುರಿಗಳನ್ನು ರೊಪ್ಪಕ್ಕೆ ಕೂಡಿ ಬೇಲಿ ಕಟ್ಟುವಾಗ ಕೇಳಿಬಿಟ್ಟೆ. ಮುಖ ನೋಡದೆ ಕೇಳಿದೆ. ‘ಮದ್ವೆ ದಿನ ನಿಮ್ ಕೈ ಕಾಸ್ಕಂಡಿದ್ರಂತೆ. ಸಲೀಸಾಗಿತ್ತಂತೆ.’

‘ಅವ್ವ ಹೇಳಿದ್ಲಾ?’

‘ಮತ್ಯಾಕೆ ಬುಡ್ಲಿಲ್ಲ?’

ಇವರು ಹಗ್ಗಕ್ಕೆ ಇನ್ನೊಂದು ಗಂಟು ಹಾಕಿದರು. ಹೇಳುವುದಿಲ್ಲ ಅಂದುಕೊಂಡೆ.

‘ಬುಡನಾ ಅಂತಾನೇ ಇದ್ದೆ’ ಅಂದರು. ‘ನಿನ್ ಕೈ ನಡುಗ್ತಿತ್ತು ಕಣೇ. ನಡುಗೋದ್ ನಿಲ್ಲಲಿ ಅಂತ ಹಿಡ್ಕಂಡಿದ್ದೆ.’

ಫೆಬ್ರವರಿ 17

ಬೆಳಿಗ್ಗೆ ಲೋಟ ಕೆಳಗಿಡಲಿಲ್ಲ. ಕೈಗೇ ಕೊಟ್ಟೆ. ಬೆರಳುಗಳು ಸಿಕ್ಕಿಕೊಂಡವು. ನಿಧಾನವಾಗಿ, ಒಂದೊಂದೇ, ತಾವಾಗಿಯೇ ಬಿಚ್ಚಿಕೊಂಡವು.

‘ಆಯ್ತಲ್ಲ, ಬುಡೇ’ ಅಂದರು ಇವರು. ‘ಅವ್ವ ನೋಡ್ತಾಳೆ.’

‘ನಂಗೂ ಹಿಡ್ಕಂಡೈತೆ’ ಅಂದೆ.

‘ಏಯ್, ಟೀ ಆರ್ತೈತೆ ಕಣೇ.’

ಆರಿತು. ಅತ್ತೆ ಗೊಣಗುತ್ತಾ ಲೋಟ ತೆಗೆದುಕೊಂಡು ಹೋಗಿ ಮತ್ತೆ ಕಾಯಿಸಿದರು.